ಹಾಲ್ ಗೋಡೆಗೆ ಬೆಟ್ಟದ ಫೋಟೋ: ಹಿಮಾಲಯಾನಾ, ಯಾಣಾನಾ?

ಪ್ರಶ್ನೆ: ಕಾರವಾರದಲ್ಲಿ ಹೊಸ ಮನೆ ಕಟ್ಟಿಸಿದ್ದೀವಿ, ಚಿರೇಕಲ್ಲಿನ ಗೋಡೆ, ಪ್ಲಾಸ್ಟರ್ ಆಗಿ ಪಿಸ್ತಾ ಬಣ್ಣಾನೂ ಹೊಡೆಸಿ ಆಯ್ತು. ಹಾಲ್‌ನಲ್ಲಿ 7 ಅಡಿ ಸೋಫಾ ಹಿಂದಿನ ಗೋಡೆ ಖಾಲಿ ಇದೆ, ಅದರ ಎದುರಿಗೇ ಪಶ್ಚಿಮದ ದೊಡ್ಡ ಕಿಟಕಿ. ನೆಟ್‌ನಲ್ಲಿ ಸಿಕ್ಕಿದ ಹಿಮಾಲಯದ ಫೋಟೋ ಒಂದನ್ನ ಅಲ್ಲಿ ದೊಡ್ಡದಾಗಿ ಹಾಕ್ಬೇಕು ಅಂತ ನನ್ನಾಸೆ. ನಮ್ಮನೆಯವ್ರು ಹೇಳೋದು, ಮಗ ಮೊಬೈಲ್‌ನಲ್ಲಿ ಯಾಣದ ಫೋಟೋ ಅಷ್ಟು ಚಂದ ತೆಗೆದಿದಾನೆ, ಅದನ್ನ ಬಿಟ್ಟು ಹಿಮಾಲಯ ಯಾಕೆ ಅಂತ. ಹಳೇ ಮನೇಲಿದ್ದ ಜೋಗದ ಫೋಟೋ ಎರಡೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಗಾಜಿಗೆ ಅಂಟಿಕೊಂಡಿದೆ, ಅದೊಂದು ಹೆದರಿಕೆ ಬೇರೆ. ಯಾವ ಫೋಟೋ ಹಾಕ್ಲಿ, ಎಷ್ಟು ದೊಡ್ಡದು, ಕ್ಯಾನ್ವಾಸಾ ಗಾಜಾ? ವಾಸ್ತು ಪ್ರಕಾರ ಬೆಟ್ಟ ನೈಋತ್ಯಕ್ಕೆ ಬರ್ಬೇಕಂತೆ, ಅದನ್ನೂ ಹೇಳಿ.

ಉತ್ತರ: ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ಆದ್ರೆ ಈ ಜಗಳ ವರ್ಷಗಟ್ಟಲೆ ಗೋಡೆ ಮೇಲೆ ಕೂತಿರತ್ತೆ, ಹಾಗಾಗಿ ನೇರವಾಗೇ ಹೇಳ್ಬಿಡ್ತೀನಿ. ಬೆಟ್ಟ ನಮ್ಮ ಕಡೆದೇ ಇರ್ಲಿ, ಅಷ್ಟರ ಮಟ್ಟಿಗೆ ನಿಮ್ಮನೆಯವ್ರು ಹೇಳಿದ್ದು ಸರಿ. ಆದ್ರೆ ಆ ಗೋಡೆಗೆ ಯಾಣ ಬೇಡ. ಯಾಕೆ ಬೇಡ ಅನ್ನೋದು ಗೊತ್ತಾದ್ರೆ ಸೈಜು, ಗಾಜು, ಕ್ಯಾನ್ವಾಸು ಎಲ್ಲದಕ್ಕೂ ಅದೇ ಉತ್ರ ಸಿಗತ್ತೆ.

ನನ್ನ ಕೆಲಸಾನೇ ಪ್ರಿಂಟು ಫ್ರೇಮು, ಶಿರಸಿಯಲ್ಲಿ ಕೂತು ಘಟ್ಟದ ಮೇಲಿನವ್ರಿಗೂ ಕೆಳಗಿನವ್ರಿಗೂ ಮಾಡಿಕೊಡ್ತೀನಿ, ಬರೋರೆಲ್ಲ ಮೊದಲು ಮೊಬೈಲ್ ತೆಗೆದು ಮುಖದ ಹತ್ರ ಹಿಡಿದು "ನೋಡಿ, ಹೀಗೇ ಬರ್ಬೇಕು" ಅಂತಾರೆ. ಹೀಗೇ ಬರೋದಿಲ್ಲ ಮಾರಾಯ್ರೆ. ಮೊಬೈಲ್ ಸ್ಕ್ರೀನಿಗೆ ಬೆಳಕು ಒಳಗಿಂದ ಬರತ್ತೆ, ಕಪ್ಪು ಬಂಡೆ ಕೂಡ ಅಲ್ಲಿ ಹೊಳೀತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದಿದ್ರಲ್ಲಿ ಒಂದಿಷ್ಟನ್ನ ವಾಪಸ್ ಕೊಡತ್ತೆ ಅಷ್ಟೆ. ಗೋಡೆ ಮೇಲೆ ಬೆಳಕು ಕಮ್ಮಿ ಇದ್ರೆ ಫೋಟೋನೂ ಮಂಕು. ನಮ್ಮ ಕರಾವಳಿ ಮನೆಗಳಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್ ತನಕ ಮಧ್ಯಾಹ್ನ 12 ಗಂಟೆಗೂ ಲೈಟ್ ಹಾಕ್ಬೇಕಾದ ಪರಿಸ್ಥಿತಿ. ಅದಕ್ಕೇ ಪ್ರಿಂಟ್ ಕೊಡೋ ಮೊದಲು ಒಂದು ಕೆಲಸ ಮಾಡಿ, ಮೊಬೈಲ್ ಬ್ರೈಟ್‌ನೆಸ್ ಮೂರರಲ್ಲಿ ಒಂದು ಪಾಲಿಗೆ ಇಳಿಸಿ, ಆಟೋ ಬ್ರೈಟ್‌ನೆಸ್ ಆಫ್ ಮಾಡಿ, ಅದೇ ಗೋಡೆಗೆ ಒತ್ತಿ ಹಿಡಿದು ಎರಡು ಹೆಜ್ಜೆ ಹಿಂದಿಂದ ನೋಡಿ. ಬೆಳಿಗ್ಗೆ ಒಂದ್ಸಲ, ಮೂರು ಗಂಟೆಗೆ ಒಂದ್ಸಲ, ದೀಪ ಹಚ್ಚೋ ಹೊತ್ತಿಗೆ ಒಂದ್ಸಲ. ಆಗ್ಲೂ ಚಂದ ಕಂಡ್ರೆ ಆ ಫೋಟೋ ಪ್ರಿಂಟಿಗೆ ಯೋಗ್ಯ.

ಈಗ ಯಾಣ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್, ಎರಡೂ ಸುಣ್ಣಕಲ್ಲಿನದ್ದು ಆದ್ರೂ ನೋಡೋಕೆ ಕರ್ರಗೆ, ಸುತ್ತ ದಟ್ಟ ಕಾಡು, ಅಂದ್ರೆ ಕಪ್ಪು ಸುತ್ತ ಕಡುಹಸಿರು. ನಿಮ್ಮ ಮಗ ಬುಡದಲ್ಲಿ ನಿಂತು ಮೊಬೈಲ್ ಮೇಲೆತ್ತಿ ತೆಗೆದಿರ್ತಾನೆ (ಎಲ್ಲರೂ ಹಾಗೇ ತೆಗೆಯೋದು, ಅಲ್ಲಿ ಹಿಂದೆ ಸರಿಯೋಕೆ ಜಾಗ ಎಲ್ಲಿದೆ), ಆ ಕೋನದಲ್ಲಿ ಬಂಡೆ ಮೇಲಕ್ಕೆ ಹೋಗ್ತಾ ಕಿರಿದಾಗಿ, ದೊಡ್ಡ ಹುತ್ತದ ಹಾಗೆ ಕಾಣತ್ತೆ, ಮಧ್ಯ ಒಂದು ಬಿಳಿ ಆಕಾಶದ ಚೂರು. ಇದನ್ನ 5 ಅಡಿಗೆ ಹಿಗ್ಗಿಸಿ ಪಶ್ಚಿಮದ ಕಿಟಕಿ ಎದುರಿಗೆ ಗಾಜು ಹಾಕಿ ತೂಗಿದ್ರೆ ಏನಾಗತ್ತೆ ಗೊತ್ತಾ? ಮಾಮೂಲಿ ಗಾಜು ಮೇಲೆ ಬಿದ್ದ ಬೆಳಕಲ್ಲಿ ಸುಮಾರು ಶೇ. 8ರಷ್ಟನ್ನ ವಾಪಸ್ ಎಸೀತದೆ. ಹಿಂದಿರೋ ಫೋಟೋ ಬೆಳ್ಳಗಿದ್ರೆ ಅದು ಗೊತ್ತಾಗಲ್ಲ, ಕಪ್ಪಿದ್ರೆ ಪೂರ್ತಿ ಕಾಣತ್ತೆ. ಸಂಜೆ 5 ಗಂಟೆಗೆ ಬಂದ ನೆಂಟರಿಗೆ ಭೈರವೇಶ್ವರನ ಬದಲು ನಿಮ್ಮ ಕಿಟಕಿ, ಕಿಟಕಿ ಸರಳು, ಆಚೆ ಒಣಹಾಕಿದ ಬಟ್ಟೆ ಎಲ್ಲ ಸ್ಪಷ್ಟವಾಗಿ ಕಾಣತ್ತೆ.

ಹಾಗಂತ ಮಗನ ಫೋಟೋ ಬಿಸಾಕ್ಬೇಡಿ. ಅದನ್ನ ಕಪ್ಪು ಬಿಳುಪು ಮಾಡಿ, 18 ಇಂಚು ಎತ್ತರಕ್ಕೆ ಪ್ರಿಂಟ್ ಹಾಕಿ, ಸುತ್ತ 3 ಇಂಚು ಬಿಳಿ ಮೌಂಟ್ (ರಟ್ಟಿನ ಅಂಚು) ಕೊಟ್ಟು, ಕಿಟಕಿ ಎದುರಿಗಿಲ್ಲದ ಪ್ಯಾಸೇಜಲ್ಲಿ ಹಾಕಿ. ಯಾಣ ಕಪ್ಪು ಬಿಳುಪಲ್ಲೇ ಚಂದ, ಇದು ನನ್ನ ಅಭಿಪ್ರಾಯ, ಒಪ್ಪದವ್ರೂ ಇದಾರೆ. ಮಾಡೋವಾಗ ಒಂದು ಎಚ್ಚರಿಕೆ: ಬೆಟ್ಟದ ಕಪ್ಪು ಬಿಳುಪು ಅಂದ ಕೂಡ್ಲೇ ಆ್ಯಪ್‌ಗಳಲ್ಲಿ ರೆಡ್ ಫಿಲ್ಟರ್ ಒತ್ತೋ ಅಭ್ಯಾಸ ಬಹಳ ಜನಕ್ಕಿದೆ. ಆ್ಯನ್ಸೆಲ್ ಆಡಮ್ಸ್ 1927ರಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಬಂಡೆ ತೆಗೆಯೋವಾಗ ಮೊದಲು ಹಳದಿ ಫಿಲ್ಟರ್ ಹಾಕಿ, ಸಮಾಧಾನ ಆಗ್ದೆ ಉಳಿದಿದ್ದ ಗಾಜಿನ ಪ್ಲೇಟಿಗೆ ಕೆಂಪು ಫಿಲ್ಟರ್ ಹಾಕಿದ್ರು, ನೀಲಿ ಆಕಾಶ ಕಪ್ಪಾಗಿ ಬಂಡೆ ಎದ್ದು ಬಂತು. ಅಲ್ಲಿ ಬೋಳು ಬಂಡೆ, ಹಿಮ, ನೀಲಿ ಆಕಾಶ, ಅದಕ್ಕದು ಸರಿ. ನಮ್ಮಲ್ಲಿ ಕೆಂಪು ಫಿಲ್ಟರ್ ಹಾಕಿದ್ರೆ ಹಸಿರೆಲೆ ಅಷ್ಟೂ ಕಪ್ಪಾಗಿ ಬಂಡೆ ಯಾವ್ದು ಕಾಡು ಯಾವ್ದು ಗೊತ್ತಾಗಲ್ಲ. ಹಸಿರು ಫಿಲ್ಟರೇ ಹಾಕಿ, ಎಲೆ ತಿಳಿಯಾಗಿ ಬಂಡೆ ಬೇರೆಯಾಗಿ ನಿಲ್ಲತ್ತೆ.

ಹಿಮಾಲಯದ ವಿಷಯಕ್ಕೆ ಬಂದ್ರೆ, ಬೆಳಕಿನ ಲೆಕ್ಕದಲ್ಲಿ ಅದಕ್ಕೆ ನನ್ನ ತಕರಾರಿಲ್ಲ. ಹಿಮದ ಫೋಟೋದಲ್ಲಿ ಮುಕ್ಕಾಲು ಭಾಗ ಕಾಗದದ ಬಿಳೀನೇ ಇರತ್ತೆ, ಮಂಕು ಹಾಲ್‌ನಲ್ಲೂ ಕಾಣತ್ತೆ. ತೊಂದ್ರೆ ಬೇರೆ ಇದೆ. ಒಂದು, ನೆಟ್‌ನಲ್ಲಿ ಸಿಕ್ಕಿದ್ದು ಅಂದ್ರಲ್ಲ, ಅದು ಯಾರೋ ತೆಗೆದಿದ್ದು, ನಮ್ಮ ಕಾನೂನಲ್ಲಿ ಫೋಟೋ ಪ್ರಕಟವಾದ ಮೇಲೆ 60 ವರ್ಷ ಅದರ ಹಕ್ಕು ಇರತ್ತೆ, ತೆಗೆದವ್ರನ್ನ ಕೇಳಿ ದುಡ್ಡು ಕೊಟ್ಟು ಒರಿಜಿನಲ್ ಫೈಲ್ ತಗೊಳ್ಳೋದು ಸರಿಯಾದ ದಾರಿ, ಹಾಗೆ ತಗೊಂಡ್ರೆ ಮಾತ್ರ ದೊಡ್ಡ ಪ್ರಿಂಟಿಗೆ ಬೇಕಾದಷ್ಟು ಪಿಕ್ಸೆಲ್ ಕೂಡ ಸಿಗೋದು. ಎರಡು, ಹಿಮದ ನೆರಳು ಬರೀ ನೀಲಿ, ಯಾಕಂದ್ರೆ ಆ ನೆರಳಿಗೆ ಬೀಳೋದು ಆಕಾಶದ ಬೆಳಕು. ನಮ್ಮ ಮನೆಗಳಲ್ಲಿ ಹಾಕೋ ಹಳದಿ ವಾರ್ಮ್ ಲೈಟ್ ಅದರ ಮೇಲೆ ಬಿದ್ರೆ ಆ ನೀಲಿ ಹೋಗಿ ಬೂದಿ ಬಣ್ಣ ಆಗತ್ತೆ. ಪಿಸ್ತಾ ಗೋಡೆ ಮೇಲಂತೂ ಹಿಮದ ಬಿಳಿ ಸ್ವಲ್ಪ ಗುಲಾಬಿ ಕಾಣೋಕೆ ಶುರುವಾಗತ್ತೆ.

ಮೂರನೇದು ಎಲ್ಲಕ್ಕಿಂತ ಮುಖ್ಯ. ಕಾಂಚನಜುಂಗಾ 8586 ಮೀಟರ್ ಇರ್ಬಹುದು, ಆದ್ರೆ ನಿಮ್ಮ ಗೋಡೆ ಮೇಲೆ ಅದೂ 30 ಇಂಚೇ, ನಮ್ಮ ಯಲ್ಲಾಪುರದ ಕಡೆಯ ಜೇನುಕಲ್ಲು ಗುಡ್ಡಾನೂ 30 ಇಂಚೇ. ಬೆಟ್ಟ ದೊಡ್ಡದು ಅಂತ ಕಣ್ಣಿಗೆ ಗೊತ್ತಾಗ್ಬೇಕಾದ್ರೆ ಫೋಟೋದಲ್ಲಿ ಅಳತೆ ಗೊತ್ತಿರೋ ಚಿಕ್ಕ ವಸ್ತು ಒಂದು ಬೇಕು. ಹಿಮಶಿಖರದಲ್ಲಿ ಮರ ಇಲ್ಲ, ಮನೆ ಇಲ್ಲ, ಅದು 200 ಅಡಿ ಗುಡ್ಡವೋ 20 ಸಾವಿರ ಅಡಿ ಗುಡ್ಡವೋ ಹೇಳೋಕೆ ಆಗಲ್ಲ, ಹಾಗಾಗೇ ಹಿಂದೆ ಸೆಲೂನು, ಲಾಡ್ಜು, ದಂತವೈದ್ಯರ ವೇಟಿಂಗ್ ರೂಮಲ್ಲೆಲ್ಲ ತೂಗ್ತಿದ್ದ ಸ್ವಿಟ್ಜರ್‌ಲೆಂಡ್ ಪೋಸ್ಟರನ್ನ ಯಾರೂ ಎರಡನೇ ಸಲ ತಿರುಗಿ ನೋಡ್ತಿರ್ಲಿಲ್ಲ. ಅದೇ ನಮ್ಮ ಕಣಿವೆ ಫೋಟೋದ ಒಂದು ಮೂಲೇಲಿ ಅಡಿಕೆ ತೋಟದ ಪಟ್ಟಿ, ಒಂದು ಹಂಚಿನ ಮಾಡು, ಅದರಿಂದ ಏಳ್ತಿರೋ ಹೊಗೆ ಇದ್ರೆ ಸಾಕು, ಹಿಂದಿನ ಗುಡ್ಡ ತಾನಾಗೇ ಎತ್ತರ ಆಗತ್ತೆ. ಮನೆಗೆ ಬಂದವ್ರು ಹತ್ರ ಹೋಗಿ ಇದು ಯಾರ ತೋಟ, ಯಾವ ಊರು ಅಂತ ಬೆರಳಿಟ್ಟು ಕೇಳ್ತಾರೆ ನೋಡಿ, ಹಾಗೆ ಕೇಳಿಸ್ಕೊಳ್ಳೋ ಫೋಟೋ ಹಾಲ್‌ಗೆ ಬೇಕಾದ್ದು.

ಸರಿ, ಹಾಗಾದ್ರೆ ಯಾವ್ದು ಹಾಕೋದು. ಮಂಜು ತುಂಬಿದ ಕಣಿವೆ, ಹಿಂದೆ ಒಂದರ ಹಿಂದೊಂದು ನಾಲ್ಕೈದು ಸಾಲು ಗುಡ್ಡ, ಹತ್ರದ ಸಾಲು ಕಡು ಬಣ್ಣ, ದೂರ ಹೋದ ಹಾಗೆ ತಿಳಿ ನೀಲಿ, ಕೊನೇದು ಆಕಾಶದಲ್ಲೇ ಕರಗಿರೋದು. ಇದು ಸಹ್ಯಾದ್ರಿಗೆ ಹೇಳಿ ಮಾಡಿಸಿದ ಫೋಟೋ. ದೂರದ ಗುಡ್ಡಕ್ಕೂ ನಮಗೂ ನಡುವೆ ಇರೋ ಗಾಳಿ ನೀಲಿ ಬೆಳಕನ್ನ ಜಾಸ್ತಿ ಚದುರಿಸತ್ತೆ, ಎಷ್ಟು ದೂರಾನೋ ಅಷ್ಟು ನೀಲಿ, ಅಷ್ಟು ತಿಳಿ. ಅಂದ್ರೆ ಫೋಟೋದ ಅರ್ಧಕ್ಕಿಂತ ಜಾಸ್ತಿ ಭಾಗ ತಿಳಿ ಬಣ್ಣವೇ, ಮಳೆಗಾಲದ ಕತ್ತಲಲ್ಲೂ ಮಂಕಾಗಲ್ಲ, ಪ್ರತಿಬಿಂಬ ಅಷ್ಟಾಗಿ ಕಾಣಲ್ಲ, ಪಿಸ್ತಾ ಗೋಡೆಗೆ ಈ ನೀಲಿ ಬೂದು ಹೊಂದ್ಕೊಳ್ಳತ್ತೆ. ಬರೀ ಹಸಿರು ತುಂಬಿದ ಫೋಟೋ ಆ ಗೋಡೆ ಮೇಲೆ ಬೇಡ, ಎರಡು ಹಸಿರು ಒಂದನ್ನೊಂದು ಕೊಲ್ತಾವೆ, ಅದ್ರಲ್ಲೂ ಮೊಬೈಲ್‌ಗಳು ಮಾಡಿಕೊಡೋ ಗಿಳಿಹಸಿರು ಪ್ರಿಂಟಲ್ಲಿ ಪ್ಲಾಸ್ಟಿಕ್ ಹುಲ್ಲಿನ ತರ ಬರತ್ತೆ.

ಎಲ್ಲಿ ಸಿಗತ್ತೆ ಅಂದ್ರೆ, ಕುಮಟಾ ಶಿರಸಿ ರಸ್ತೆಯ ದೇವಿಮನೆ ಘಟ್ಟ ಇದೆ, ಯಲ್ಲಾಪುರದ ಕಡೆ ಮಾಗೋಡು ಫಾಲ್ಸ್ ಹತ್ರದ ಜೇನುಕಲ್ಲು ಗುಡ್ಡ ಇದೆ, ಅಲ್ಲಿ ಕೆಳಗೆ ಬೇಡ್ತಿ ಕಣಿವೆ ಕಾಣತ್ತೆ. ನಿಮಗಂತೂ ಅಷ್ಟು ದೂರಾನೂ ಬೇಡ, ಸದಾಶಿವಗಡದ ಗುಡ್ಡ ಹತ್ತಿ ಪೂರ್ವಕ್ಕೆ ತಿರುಗಿ ನಿಂತ್ರೆ ಕಾಳಿ ನದಿ, ಅದರ ಹಿಂದೆ ಸಾಲು ಗುಡ್ಡ, ಘಟ್ಟ ಸಮುದ್ರಕ್ಕೆ ಇಷ್ಟು ಹತ್ರ ಬರೋ ಊರು ನಮ್ಮ ಕಡೆ ಕಾರವಾರಾನೇ. ಹೋಗೋದು ಬೆಳಿಗ್ಗೆ. ಬೆಳಿಗ್ಗೆ ಸೂರ್ಯ ಗುಡ್ಡದ ಹಿಂದೆ ಇರ್ತಾನೆ, ಸಾಲು ಸಾಲು ಬೇರೆಯಾಗಿ ಕಾಣೋದು ಆಗ್ಲೇ. ಸಂಜೆ ಹೋದ್ರೆ ಬಿಸಿಲು ನಿಮ್ಮ ಬೆನ್ನ ಹಿಂದಿಂದ ನೇರ ಗುಡ್ಡದ ಮೇಲೆ ಬಿದ್ದು, ಬಣ್ಣ ಬಂದ್ರೂ ಉಬ್ಬು ತಗ್ಗು ಎಲ್ಲ ಅಳಿಸಿಹೋಗಿ ಚಪ್ಪಟೆ ಕಾಣತ್ತೆ. ನೌಕಾನೆಲೆ ಕಡೆ ಕ್ಯಾಮೆರಾ ತಿರುಗಿಸ್ಬೇಡಿ, ಡ್ರೋನ್ ಆಸೆ ಅಂತೂ ಬಿಟ್ಟೇಬಿಡಿ.

ಕಾಲ ಅಂದ್ರೆ ಅಕ್ಟೋಬರ್ ನವೆಂಬರ್, ಮಳೆ ಗಾಳೀನ ತೊಳೆದಿರತ್ತೆ, ಕೊನೇ ಸಾಲಿನ ಗುಡ್ಡಾನೂ ಗೆರೆ ಎಳೆದ ಹಾಗೆ ಬರತ್ತೆ. ಘಟ್ಟದ ಮೇಲೆ ಕಣಿವೆ ತುಂಬ ಮಂಜು ಬೇಕಾದ್ರೆ ಡಿಸೆಂಬರ್ ಜನವರಿ ನಸುಕು. ಮಾರ್ಚ್ ಮೇಲೆ ದರಕು (ಒಣಗಿ ಬಿದ್ದ ಎಲೆ) ಸುಟ್ಟ ಹೊಗೆ, ಸೆಕೆಯ ಮಬ್ಬು ಸೇರಿ ಎಲ್ಲ ಒಂದೇ ಬೂದಿ ಬಣ್ಣ. ಮಗನಿಗೆ ಹೇಳಿ, ವೈಡ್ ಲೆನ್ಸ್ ಬೇಡ, ಅದು ಗುಡ್ಡನ್ನ ದೂರ ತಳ್ಳಿ ಚಿಕ್ಕದು ಮಾಡತ್ತೆ. ಮೊಬೈಲ್‌ನಲ್ಲಿ ಟೆಲಿ ಲೆನ್ಸ್ ಇದ್ರೆ ಅದನ್ನ ಹಾಕಿ, ಬೆರಳಲ್ಲಿ ಹಿಗ್ಗಿಸೋ ಜೂಮ್ ಲೆಕ್ಕಕ್ಕಿಲ್ಲ. ಮೊಬೈಲ್ ನೆಟ್ಟಗೆ ಹಿಡಿದು ಎಡದಿಂದ ಬಲಕ್ಕೆ ಒಂದರ ಮೇಲೊಂದು ಸ್ವಲ್ಪ ಬರೋ ಹಾಗೆ ನಾಲ್ಕೈದು ಫೋಟೋ ತೆಗೆದು ಆಮೇಲೆ ಜೋಡಿಸ್ಲಿ, ಪಿಕ್ಸೆಲ್ ಎರಡು ಮೂರು ಪಟ್ಟು ಸಿಗತ್ತೆ.

ಪಿಕ್ಸೆಲ್ ಯಾಕೆ ಬೇಕು ಅಂದ್ರೆ ಸೈಜಿನ ಲೆಕ್ಕ ಅಲ್ಲೇ ಇರೋದು. ಸೋಫಾದ ಮೂರರಲ್ಲಿ ಎರಡು ಭಾಗದಷ್ಟು ಅಗಲ ಇದ್ರೆ ಕಣ್ಣಿಗೆ ಹಿತ, ನಿಮ್ಮ 7 ಅಡಿಗೆ ಸುಮಾರು 5 ಅಡಿ, ಅಂದ್ರೆ 60 ಇಂಚು ಅಗಲ 30 ಇಂಚು ಎತ್ತರ. ಸೋಫಾ ಬೆನ್ನಿಂದ ಮೇಲೆ 7-8 ಇಂಚು ಬಿಟ್ಟು ತೂಗಿದ್ರೆ ಫೋಟೋದ ನಡುಭಾಗ ನೆಲದಿಂದ 58-60 ಇಂಚಿಗೆ ಬರತ್ತೆ, ನಿಂತವ್ರ ಕಣ್ಣಿನ ಮಟ್ಟ. ನಮ್ಮಲ್ಲಿ ದೇವರ ಫೋಟೋ ಎತ್ತರಕ್ಕೆ ಹಾಕಿ ಅಭ್ಯಾಸ ಆಗಿ ಎಲ್ಲಾ ಫೋಟೋನೂ ಬಾಗಿಲ ಪಟ್ಟಿಗಿಂತ ಮೇಲೇ ಹಾಕ್ತಾರೆ, ಬೆಟ್ಟನ್ನ ಕತ್ತೆತ್ತಿ ನೋಡೋ ಹಾಗೆ ತೂಗ್ಬೇಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ, 60 ಇಂಚಿಗೆ ಹಾಕಿದ್ರೆ ಇಂಚಿಗೆ 100 ಬರತ್ತೆ, 8-10 ಅಡಿ ದೂರದಿಂದ ನೋಡೋಕೆ ಧಾರಾಳ. ಮೊಬೈಲಿನ 12 ಮೆಗಾಪಿಕ್ಸೆಲ್ ಅಂದ್ರೆ 4000 ಪಿಕ್ಸೆಲ್, ಇಂಚಿಗೆ 66, ದೂರಕ್ಕೆ ನಡೀತದೆ, ಹತ್ರ ಹೋದ್ರೆ ಎಲೆಗಳೆಲ್ಲ ಮುದ್ದೆ. ವಾಟ್ಸ್ಯಾಪಲ್ಲಿ ಮಾಮೂಲಾಗಿ ಕಳಿಸಿದ್ರೆ ಅದು ಸುಮಾರು 1600 ಪಿಕ್ಸೆಲ್ಲಿಗೆ ಇಳಿದಿರತ್ತೆ, ಇಂಚಿಗೆ 27, ಅದನ್ನ ಯಾವ ಅಂಗಡಿಯವ್ರೂ ಚಂದ ಮಾಡಿಕೊಡೋಕೆ ಆಗಲ್ಲ, ಪೆನ್‌ಡ್ರೈವಲ್ಲಿ ಒರಿಜಿನಲ್ ಫೈಲ್ ಕೊಡಿ. ಎಐ ಹಾಕಿ ದೊಡ್ಡ ಮಾಡ್ತೀವಿ ಅಂತಾರೆ, ಅದು ಇಲ್ಲದ ಎಲೆ ಬಿಡಿಸತ್ತೆ, ನಂಗಿಷ್ಟ ಇಲ್ಲ. ಪೂರ್ತಿ ಪ್ರಿಂಟ್ ಹಾಕಿಸೋ ಮೊದಲು ಪೂರಾ ಅಳತೆಗೆ ಹಿಗ್ಗಿಸಿದ ಫೈಲ್‌ನಿಂದ ಒಂದು 12x8 ಇಂಚಿನ ತುಂಡು ಮಾತ್ರ ಪ್ರಿಂಟ್ ತೆಗೆಸಿ ನೋಡಿ, ಖರ್ಚು ಕಮ್ಮಿ, ಸತ್ಯ ಗೊತ್ತಾಗತ್ತೆ. ಮತ್ತೆ ಹಳೇ ಪೇಪರ್ ಅಂಟಿಸಿ ಅದೇ ಅಳತೆಗೆ ಮಾಡಿ ಗೋಡೆಗೆ ಒಂದು ವಾರ ಹಚ್ಚಿಡಿ, ದೊಡ್ಡದಾಯ್ತಾ ಚಿಕ್ಕದಾಯ್ತಾ ಮನೆಯವ್ರೆಲ್ಲ ಜಗಳ ಆಡಿ ಮುಗಿಸ್ಬಹುದು.

ಇನ್ನು ಬೂಷ್ಟು. ನಿಮ್ಮ ಜೋಗದ ಫೋಟೋ ನಾನು ನೋಡಿಲ್ಲ, ಆದ್ರೂ ಒಳಗೆ ಹೇಗಿರತ್ತೆ ಹೇಳ್ತೀನಿ, ಇಂಥವನ್ನ ಬಿಚ್ಚೋದು ನಮ್ಮ ಟೇಬಲ್ ಮೇಲೆ ಪ್ರತೀ ಸೆಪ್ಟೆಂಬರಿನ ಕೆಲಸ. ಹಿಂದಿನ ಕಂದು ಟೇಪು ಉಗುರು ತಾಗಿದ್ರೆ ಸಾಕು ಎದ್ದು ಬರತ್ತೆ, ಮೊಳೆ ತುಕ್ಕು ಹಿಡಿದು ಹಾರ್ಡ್‌ಬೋರ್ಡಲ್ಲಿ ಕೆಂಪು ಕಲೆ ಬಿಟ್ಟಿರತ್ತೆ, ಹಾರ್ಡ್‌ಬೋರ್ಡ್ ಉಬ್ಬಿ ಬಿಲ್ಲಾಗಿ ಫೋಟೋನ ಗಾಜಿಗೆ ಒತ್ತಿರತ್ತೆ, ಮಧ್ಯ ತುಂಬಿದ ನ್ಯೂಸ್‌ಪೇಪರಲ್ಲಿ ಸಿಲ್ವರ್‌ಫಿಶ್ ಓಡಾಡ್ತಿರ್ತಾವೆ, ಅವಕ್ಕೆ ಮೈದಾ ಗೋಂದು ಅಂದ್ರೆ ಹಬ್ಬದೂಟ. ಲ್ಯಾಬಲ್ಲಿ ತೊಳೆದ ಫೋಟೋ ಮೇಲ್ಮೈಯಲ್ಲಿ ಜೆಲಟಿನ್ ಪದರ ಇರತ್ತೆ, ಅದು ಥಂಡಿಗೆ ಹಿಗ್ಗಿ ಮೆತ್ತಗಾಗಿ ಗಾಜಿಗೆ ಕಚ್ಚಿಕೊಳ್ಳತ್ತೆ. ಗಾಳೀಲಿ ತೇವಾಂಶ ಶೇ. 65-70 ದಾಟಿ ನಿಂತ್ರೆ ಬೂಷ್ಟು ಬೆಳೆಯೋಕೆ ಶುರು, ಕಾರವಾರದ ಜುಲೈಯಲ್ಲಿ ಶೇ. 85ರ ಮೇಲೇ ದಿನಗಟ್ಟಲೆ ನಿಂತಿರತ್ತೆ. ಆ ಫೋಟೋನ ಎಳೆದು ಕೀಳೋಕೆ ಹೋಗ್ಬೇಡಿ, ನೀರಲ್ಲಿ ನೆನೆಸೋಕೂ ಹೋಗ್ಬೇಡಿ, ಗಾಜು ಸಮೇತ ಸ್ಕ್ಯಾನ್ ಮಾಡಿಸಿ, ಬೂಷ್ಟಿನ ಕಲೆ ಕಂಪ್ಯೂಟರಲ್ಲಿ ತೆಗೀಬಹುದು, ಹರಿದುಹೋದ ಪದರ ಮತ್ತೆ ಬರಲ್ಲ.

ಹೊಸದಕ್ಕೆ ನನ್ನ ಸಲಹೆ ಹೀಗೆ. ಪಿಗ್ಮೆಂಟ್ ಇಂಕಲ್ಲಿ ಮ್ಯಾಟ್ ಪ್ರಿಂಟ್, ಮೇಲೆ ಮ್ಯಾಟ್ ಲ್ಯಾಮಿನೇಷನ್, ಹಿಂದೆ ಎಸಿಪಿ ಶೀಟಿಗೆ (ಎರಡು ತೆಳು ಅಲ್ಯೂಮಿನಿಯಂ ಹಾಳೆ ನಡುವೆ ಪ್ಲಾಸ್ಟಿಕ್ ಇರೋ ಹಲಗೆ) ಬಿಗಿಯಾಗಿ ಅಂಟಿಸೋದು, ಗಾಜು ಇಲ್ಲವೇ ಇಲ್ಲ. ಒಳ್ಳೇ ಕಾಗದಕ್ಕೆ ಲ್ಯಾಮಿನೇಷನ್ ಅಂದ್ರೆ ಮೂಗು ಮುರಿಯೋರು ಇದಾರೆ, ಅವ್ರು ಬೆಂಗಳೂರಲ್ಲಿ ಇರ್ತಾರೆ. ಕಡಲ ಮಗ್ಗುಲಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಒದ್ದೆ ಬಟ್ಟೇಲಿ ಒರೆಸೋಕೆ ಆಗೋದೇ ಬಾಳೋದು. ಫ್ರೇಮಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಒಂದೇ ಮಳೆಗಾಲಕ್ಕೆ ಮೂಲೆ ಬಾಯಿಬಿಡತ್ತೆ. ಸಿಂಥೆಟಿಕ್ ಪಟ್ಟಿ ಅಥವಾ ಅಲ್ಯೂಮಿನಿಯಂ, ದುಡ್ಡಿದ್ರೆ ಚೆನ್ನಾಗಿ ಒಣಗಿದ ಸಾಗವಾನಿ. ಕ್ಯಾನ್ವಾಸ್ ಕೇಳಿದ್ರಿ, ಪ್ರತಿಬಿಂಬ ಇಲ್ಲ ಅನ್ನೋದು ಅದರ ಗುಣ, ಆದ್ರೆ ಅದರ ನೇಯ್ಗೆ ದೂರದ ಗುಡ್ಡದ ಸಣ್ಣ ಗೆರೆಗಳನ್ನೆಲ್ಲ ನುಂಗತ್ತೆ, ಹತ್ತಿ ಕ್ಯಾನ್ವಾಸಿಗೆ ಹಿಂಭಾಗದಿಂದ ಬೂಷ್ಟು, ಒಳಗಿನ ಮರದ ಪಟ್ಟಿ ಸೊಟ್ಟ ಆಗೋದು ಬೇರೆ. ಹಾಕ್ಲೇಬೇಕಂದ್ರೆ ಪಾಲಿಯೆಸ್ಟರ್ ಕ್ಯಾನ್ವಾಸ್ ಕೇಳಿ. ಫ್ಲೆಕ್ಸ್ ಮದುವೆ ಮಂಟಪದ ಗೇಟಿಗೆ.

ವಾಸ್ತು ಬಗ್ಗೆ ನಾನು ತಜ್ಞ ಅಲ್ಲ, ನಂಬೋರ ನಂಬಿಕೆ ಅವರಿಗೆ. ಆದ್ರೆ ನಮ್ಮ ಕರಾವಳಿಗೆ ಮಳೆ ಬಡಿಯೋದೇ ನೈಋತ್ಯದಿಂದ, ಹಳೇ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಆ ಕಡೆಗೇ ಸೋಗೆ ತಟ್ಟಿ ಕಟ್ತಿದ್ರು. ಮನೇಲಿ ಎಲ್ಲಕ್ಕಿಂತ ಥಂಡಿ ಹಿಡಿಯೋ ಗೋಡೆ ಅದು, ಫೋಟೋಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ನಿಮ್ಮ ಸೋಫಾ ಗೋಡೆ ಪೂರ್ವದ್ದು, ಅದರಾಚೆ ಇನ್ನೊಂದು ರೂಮಿದ್ರೆ ಒಳಗೋಡೆ ಆಯ್ತು, ಥಂಡಿ ಲೆಕ್ಕದಲ್ಲಿ ಅದೇ ಒಳ್ಳೇದು. ಆ ಗೋಡೆಗೆ ತೊಂದ್ರೆ ಇರೋದು ಬಿಸಿಲಿಂದು, ಅಕ್ಟೋಬರ್‌ನಿಂದ ಮೇ ತನಕ ಸಂಜೆ ಬಿಸಿಲು ನೇರ ಬಡೀತದೆ, ಎಂಥಾ ಇಂಕಾದ್ರೂ ಮಾಸತ್ತೆ, 4 ಗಂಟೆ ಮೇಲೆ ಕರ್ಟನ್ ಎಳೆಯೋ ರೂಢಿ ಮಾಡ್ಕೊಳ್ಳಿ.

ಮನೆ ಹೊಸದು ಅಂದ್ರಿ, ಈ ಮಳೆಗಾಲ ಕಳೀಲಿ. ಹೊಸ ಪ್ಲಾಸ್ಟರ್ ಪೂರ್ತಿ ಒಣಗೋಕೆ ತಿಂಗಳುಗಟ್ಟಲೆ ಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಹಚ್ಚಿ, ಎರಡು ದಿನ ಬಿಟ್ಟು ನೋಡಿ, ಒಳಗೆ ಬೆವರಿದ್ರೆ ಗೋಡೆ ಇನ್ನೂ ಹಸಿ. ಲೈಟ್ ಹಾಕಿಸೋದಾದ್ರೆ ಹಳದಿ ಬೇಡ, 4000 ಕೆಲ್ವಿನ್ನಿನ ನ್ಯೂಟ್ರಲ್ ವೈಟ್, ಡಬ್ಬದ ಮೇಲೆ ಸಿಆರ್‌ಐ 90 ಅಂತ (ಬಣ್ಣ ಎಷ್ಟು ನಿಜವಾಗಿ ಕಾಣತ್ತೆ ಅನ್ನೋದರ ಅಳತೆ) ಇರೋದು, ಸೀಲಿಂಗಿಂದ ಓರೆಯಾಗಿ ಬೀಳೋ ಹಾಗೆ. ಹುಕ್ಕು ಸ್ಟೇನ್‌ಲೆಸ್ ಸ್ಟೀಲಿಂದೇ ಆಗ್ಬೇಕು, ಉಪ್ಪುಗಾಳಿಗೆ ಕಬ್ಬಿಣದ ಮೊಳೆ ನಿಲ್ಲಲ್ಲ. 5 ಅಡಿ ಫ್ರೇಮಿಗೆ ಒಂದೇ ಹುಕ್ಕು ಸಾಲಲ್ಲ, ಎರಡು ಬೇಕು, ಒಂದೇ ಇದ್ರೆ ಬಾಗಿಲು ಬಡಿದಾಗಲೆಲ್ಲ ಓರೆಯಾಗತ್ತೆ. ಚಿರೇಕಲ್ಲು ಒಳಗೆ ತೂತು ತೂತಾಗಿರತ್ತೆ, ಡ್ರಿಲ್ ಹೊಡೆದಾಗ ಕೆಂಪು ಪುಡಿ ಸಲೀಸಾಗಿ ಸುರಿದ್ರೆ ಪ್ಲಗ್ ಹಿಡಿಯಲ್ಲ ಅಂತ ಅರ್ಥ, ಎರಡಿಂಚು ಪಕ್ಕಕ್ಕೆ ಸರಿದು ಉದ್ದದ ಪ್ಲಗ್ ಹಾಕ್ಸಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಅರ್ಧ ಇಂಚು ದಪ್ಪದ ರಬ್ಬರ್ ಬಿಲ್ಲೆ ಅಂಟಿಸಿ, ಗಾಳಿ ಆಡ್ಲಿ, ಅಲ್ಲಿ ಹಲ್ಲಿ ಸೇರ್ಕೊಂಡ್ರೆ ಸೇರ್ಕೊಳ್ಳಲಿ. ವರ್ಷಕ್ಕೊಂದ್ಸಲ ಚೌತಿಗೆ ಮನೆ ಗುಡಿಸಿ ಒರೆಸೋವಾಗ ಕೆಳಗಿಳಿಸಿ ಹಿಂಭಾಗ ಒಣಬಟ್ಟೇಲಿ ಒರೆಸಿ ಮತ್ತೆ ತೂಗಿದ್ರಾಯ್ತು.